ತೇಪೆ ಇತ್ತು, ನಮಗಿರಲಿಲ್ಲ

ನಿಮ್ಮ ಮನೆಯಲ್ಲಿ ಹಳೆಯ ಕಂಪ್ಯೂಟರ್ ಒಂದಿದೆಯೇ? ಮಕ್ಕಳು ಲ್ಯಾಪ್‌ಟಾಪ್ ತಂದ ಮೇಲೆ ಮೂಲೆ ಸೇರಿ, ಮೇಲೊಂದು ಬಟ್ಟೆ ಹೊದ್ದು ಕುಳಿತಿರುವ, ಯಾರಿಗಾದರೂ ಪ್ರಿಂಟ್ ಬೇಕಾದಾಗ ಮಾತ್ರ ನೆನಪಾಗುವ ಕಂಪ್ಯೂಟರ್? ಇದ್ದರೆ ಈ ಬರಹವನ್ನು ಓದಿ. ಇಲ್ಲದಿದ್ದರೂ ಓದಿ. ನಿಮ್ಮ ಕೈಯಲ್ಲಿರುವ ಮೊಬೈಲ್‌ಗೂ ಇಂದಲ್ಲ ನಾಳೆ ಇದೇ ಗತಿ ಬರಲಿಕ್ಕಿದೆ.

ನಾನು ದೊಡ್ಡ ಕಂಪ್ಯೂಟರ್ ಕಲಿತವಳೇನೂ ಅಲ್ಲ. ಮದುವೆಗೆ ಮುಂಚೆ ಎರಡು ವರ್ಷ ಊರಿನ ಒಂದು ಪ್ರೆಸ್ಸಿನಲ್ಲಿ ಡಿ.ಟಿ.ಪಿ. ಕೆಲಸ ಮಾಡಿದ್ದೆ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ, 2012ರಲ್ಲಿ, ಮನೆಯಲ್ಲೇ ಆ ಕೆಲಸ ಮತ್ತೆ ಶುರು ಮಾಡಿದೆ. ನಿಖಾಹ್‌ನ ಆಮಂತ್ರಣ ಪತ್ರ, ಮದ್ರಸದ ವಾರ್ಷಿಕೋತ್ಸವದ ಕರಪತ್ರ, ಜಮಾಅತಿನ ಲೆಕ್ಕಪತ್ರ, ಕಾಲೇಜು ಹುಡುಗಿಯರ ಪ್ರಾಜೆಕ್ಟ್ ವರದಿ ಹೀಗೆ. ಕಂಪ್ಯೂಟರಿಗೆ ನಮ್ಮವರು ಗಲ್ಫ್‌ನಿಂದ ಹಣ ಕಳುಹಿಸಿದರು. ಪೇಟೆಯ ಅಂಗಡಿಯ ಹುಡುಗ ಬಂದು ಜೋಡಿಸಿ, ವಿಂಡೋಸ್ 7 ಹಾಕಿ, ಹೊರಡುವಾಗ ಒಂದು ಮಾತು ಹೇಳಿದ.

"ಅಕ್ಕಾ, ಅಪ್‌ಡೇಟ್ ಬೇಕಾ ಅಂತ ಕೇಳಿದರೆ ಯಾವತ್ತೂ ಒತ್ತಬೇಡಿ. ನಾನು ಆಫ್ ಮಾಡಿಟ್ಟಿದ್ದೇನೆ. ಆನ್ ಆದರೆ ಪರದೆ ಕಪ್ಪಾಗುತ್ತದೆ, ಮತ್ತೆ ನನ್ನನ್ನೇ ಕರೆಯಬೇಕಾದೀತು."

ನಾನು ಅದನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿದೆ. ಅವನು ಕೊಟ್ಟ ಬಿಲ್ಲಿನಲ್ಲಿ ಕೀಬೋರ್ಡಿಗೆ, ಮೌಸಿಗೆ, ಕೊನೆಗೆ ಸ್ಪೈಕ್ ಬಸ್ಟರಿಗೂ ಬೆಲೆ ಹಾಕಿತ್ತು. ವಿಂಡೋಸ್‌ಗೆ ಮಾತ್ರ ಬೆಲೆ ಇರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ.

ಅಪ್‌ಡೇಟ್ ಎಂದರೆ ಏನೆಂದು ಆಗ ನನಗೆ ಗೊತ್ತಿರಲಿಲ್ಲ. ಹೊಸ ಬಣ್ಣ, ಹೊಸ ಚಿತ್ರ ಬರುವುದೆಂದು ತಿಳಿದಿದ್ದೆ. ವಿಷಯ ಅದಲ್ಲ. ಕಂಪ್ಯೂಟರಿನ ಒಳಗಿರುವ ವಿಂಡೋಸ್‌ನಂಥ ತಂತ್ರಾಂಶವನ್ನು ಸಾವಿರಾರು ಜನ ಸೇರಿ ಬರೆದಿರುತ್ತಾರೆ. ಬರೆದದ್ದರಲ್ಲಿ ಎಲ್ಲೋ ಒಂದು ತೂತು ಉಳಿದಿರುತ್ತದೆ. ಅದು ಕೆಲವೊಮ್ಮೆ ಹತ್ತು ವರ್ಷದ ನಂತರ ಕಳ್ಳನ ಕಣ್ಣಿಗೆ ಬೀಳುತ್ತದೆ. ಕಂಪೆನಿಯವರಿಗೆ ಗೊತ್ತಾದ ಕೂಡಲೇ ಆ ತೂತಿಗೆ ತೇಪೆ ತಯಾರಿಸಿ ಎಲ್ಲರ ಕಂಪ್ಯೂಟರಿಗೂ ಕಳುಹಿಸುತ್ತಾರೆ. ಅಪ್‌ಡೇಟ್‌ಗಳಲ್ಲಿ ಮುಖ್ಯವಾದದ್ದು ಈ ತೇಪೆಯೇ. ಇನ್ನೊಂದು ಮಾತು: ತೇಪೆ ಹೊರಬಿದ್ದ ದಿನವೇ ತೂತು ಎಲ್ಲಿತ್ತೆಂಬುದೂ ಲೋಕಕ್ಕೆ ಗೊತ್ತಾಗುತ್ತದೆ. ಹಾಗಾಗಿ ತೇಪೆ ಸಿಗದವನ ಸ್ಥಿತಿ ಆ ದಿನದಿಂದ ಮೊದಲಿಗಿಂತಲೂ ಕೆಟ್ಟದು.

ಆ ಕಂಪ್ಯೂಟರಿನಲ್ಲಿ ನಾನು ನನಗಾಗಿ ಮಾಡಿದ ಕೆಲಸ ಒಂದೇ. ನಮ್ಮ ಉಮ್ಮ ನಲ್ವತ್ತು ವರ್ಷ ಬೀಡಿ ಕಟ್ಟಿದವರು. ಕುರ್‌ಆನ್ ಓದುತ್ತಿದ್ದರು, ಕನ್ನಡ ಅಕ್ಷರ ಬರುತ್ತಿರಲಿಲ್ಲ. ಆದರೆ ಮಾತು! ಮೊರ ಮಡಿಲಲ್ಲಿಟ್ಟು ಎಲೆ ಕತ್ತರಿಸುತ್ತಾ ಅವರು ಹೇಳುತ್ತಿದ್ದ ಸಂಗತಿಗಳನ್ನು ಯಾರಾದರೂ ಬರೆದಿಡಬೇಕೆಂದು ನನಗೆ ಬಹಳ ಸಮಯದಿಂದ ಇತ್ತು. 2014ರಿಂದ ಅಸರ್ ನಮಾಝಿನ ನಂತರ ಅರ್ಧ ಗಂಟೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಬ್ಯಾರಿ ಭಾಷೆಯಲ್ಲಿ ಹೇಳಿದ್ದನ್ನು ಹೇಳಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಟೈಪ್ ಮಾಡುತ್ತಿದ್ದೆ. 64 ಪುಟ ಆಗಿತ್ತು. 2016ರ ಜನವರಿಯಲ್ಲಿ ಉಮ್ಮ ತೀರಿಕೊಂಡರು. ಫೈಲನ್ನು ಮತ್ತೆ ತೆರೆಯಲು ನನಗೆ ಮನಸ್ಸು ಬರಲಿಲ್ಲ. ಇದೆಯಲ್ಲಾ, ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ.

2017ರ ಮೇ 12, ಶುಕ್ರವಾರ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ರಮಝಾನ್‌ಗೆ ಮುಂಚಿನ ಮದುವೆಗಳ ಗಡಿಬಿಡಿಯಲ್ಲಿ ನನಗೆ ಟಿ.ವಿ. ನೋಡಲಿಕ್ಕೂ ಪುರುಸೊತ್ತಿರಲಿಲ್ಲ. ಆ ದಿನ 'ವನ್ನಾಕ್ರೈ' ಎಂಬ ಹೆಸರಿನ ಹುಳವೊಂದು ಲೋಕದ ಕಂಪ್ಯೂಟರ್‌ಗಳಿಗೆ ನುಗ್ಗಿತು. ಒಳಗಿರುವ ಫೈಲುಗಳನ್ನೆಲ್ಲ ಬೀಗ ಹಾಕಿದಂತೆ ಓದಲಾಗದ ಹಾಗೆ ಮಾಡಿ, ಬೀಗದ ಕೈ ಬೇಕಾದರೆ 300 ಡಾಲರ್ ಕೊಡಿ ಎಂದು ಪರದೆಯ ಮೇಲೆ ಬರೆಯುತ್ತಿತ್ತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಭೇಟಿ, ಶಸ್ತ್ರಚಿಕಿತ್ಸೆಗಳು ರದ್ದಾದವು. ಅಲ್ಲಿನ ಲೆಕ್ಕ ಪರಿಶೋಧಕರು ಆಮೇಲೆ ನೋಡಿದಾಗ 236 ಆಸ್ಪತ್ರೆ ಟ್ರಸ್ಟ್‌ಗಳಲ್ಲಿ 81ಕ್ಕೆ ತೊಂದರೆಯಾಗಿತ್ತು. ಇತ್ತ ಆಂಧ್ರದ ಪೊಲೀಸರ ಕೆಲವು ಕಂಪ್ಯೂಟರ್‌ಗಳು, ನಮ್ಮ ಪಕ್ಕದ ವಯನಾಡಿನ ಒಂದು ಪಂಚಾಯತ್ ಕಚೇರಿಯ ಕಂಪ್ಯೂಟರ್‌ಗಳು ಸಹ ಬಲಿಯಾದವು. ವಯನಾಡ್ ಎಂದರೆ ನಮ್ಮ ನೆಂಟರಿಷ್ಟರು ಇರುವ ಜಾಗ, ಇಂಗ್ಲೆಂಡ್ ಅಲ್ಲವಲ್ಲ!

ಈ ಹುಳ ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಕಂಪೆನಿ ಎರಡು ತಿಂಗಳು ಮುಂಚೆಯೇ, ಮಾರ್ಚ್ 14ರಂದು, ತೇಪೆ ಬಿಡುಗಡೆ ಮಾಡಿತ್ತು. ವಿಂಡೋಸ್ 7ಕ್ಕೂ ಅದು ಉಚಿತವಾಗಿಯೇ ಇತ್ತು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ತೇಪೆ ಹಾಕಿಕೊಳ್ಳದ ವಿಂಡೋಸ್ 7ರವರೇ. ಆದರೆ ಅದಕ್ಕಿಂತ ಹಳೆಯ ವಿಂಡೋಸ್ ಎಕ್ಸ್‌ಪಿಯವರ ಕತೆ ಬೇರೆ. ಎಕ್ಸ್‌ಪಿಗೆ ಸಾರ್ವಜನಿಕರಿಗೆ ತೇಪೆ ಕೊಡುವುದನ್ನು ಕಂಪೆನಿ 2014ರ ಏಪ್ರಿಲ್ 8ಕ್ಕೆ ನಿಲ್ಲಿಸಿತ್ತು. ಹಾಗೆಂದು ತೇಪೆ ಹೊಲಿಯುವುದನ್ನೇ ನಿಲ್ಲಿಸಿರಲಿಲ್ಲ. ವಿಶೇಷ ಒಪ್ಪಂದ ಮಾಡಿಕೊಂಡು ದೊಡ್ಡ ಮೊತ್ತ ಕಟ್ಟಿದವರಿಗೆ ಅದು ಸಿಗುತ್ತಿತ್ತು. ಬ್ರಿಟಿಷ್ ಸರಕಾರ 2014ರಲ್ಲಿ ಒಂದು ವರ್ಷದ ಎಕ್ಸ್‌ಪಿ ತೇಪೆಗಾಗಿ ಸುಮಾರು 55 ಲಕ್ಷ ಪೌಂಡ್ ಕೊಟ್ಟಿತು, ಮರುವರ್ಷ ಒಪ್ಪಂದ ಮುಂದುವರಿಸಲಿಲ್ಲ. ಲೋಕವೆಲ್ಲ ಹೊತ್ತಿ ಉರಿದ ಮೇಲೆ, ಆ ಶುಕ್ರವಾರ ರಾತ್ರಿಯೇ, ಕಂಪೆನಿಯು ಎಕ್ಸ್‌ಪಿಯ ತೇಪೆಯನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿತು. ಕೊಟ್ಟದ್ದು ಒಳ್ಳೆಯದೇ. ಆದರೆ ಬೆಳಿಗ್ಗೆ ಕೊಡಲಾಗದ್ದು ರಾತ್ರಿ ಹೇಗೆ ಕೊಡಲಾಯಿತು ಎಂದು ಕೇಳಬೇಕೆನಿಸುತ್ತದೆ.

ಇಷ್ಟೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ಅಂಗಡಿಯ ಹುಡುಗನಿಗೆ ಫೋನ್ ಮಾಡಿ ಕೇಳಿದ್ದೆ. "ಅದೆಲ್ಲ ದೊಡ್ಡ ದೊಡ್ಡ ಕಡೆ ಅಕ್ಕಾ, ನಿಮ್ಮ ಮದುವೆ ಕಾರ್ಡ್ ಯಾರಿಗೆ ಬೇಕು?" ಎಂದ. ನಾನೂ ನಕ್ಕೆ.

ಆಗಸ್ಟ್ ತಿಂಗಳಲ್ಲಿ ಒಂದು ದಿನ ಸುಬಹಿಯ ನಂತರ ಕಂಪ್ಯೂಟರ್ ಹಾಕಿದರೆ ಫೈಲುಗಳ ಹೆಸರಿನ ಬಾಲದಲ್ಲೆಲ್ಲ ಏನೋ ಅಕ್ಷರಗಳು. ಯಾವುದೂ ತೆರೆಯುತ್ತಿಲ್ಲ. ಪರದೆಯಲ್ಲೊಂದು ಇಂಗ್ಲಿಷ್ ಪತ್ರ. ವನ್ನಾಕ್ರೈ ಅಲ್ಲ, ಅದರದೇ ಜಾತಿಯ ಇನ್ನೊಂದು. ಯಾವ ತೂತಿನಿಂದ ಬಂತೋ ತಿಳಿಯದು. ಐದು ವರ್ಷದಲ್ಲಿ ಒಂದು ತೇಪೆಯನ್ನೂ ಕಾಣದ ಕಂಪ್ಯೂಟರಿಗೆ ತೂತುಗಳ ಬರವೇನಿತ್ತು? ಹುಡುಗ ಓಡಿಬಂದ.

"ಬ್ಯಾಕಪ್ ಇದೆಯಾ ಅಕ್ಕಾ?"

"ಪೆನ್‌ಡ್ರೈವಿನಲ್ಲಿದೆ."

ಪೆನ್‌ಡ್ರೈವ್ ಎಲ್ಲಿತ್ತು ಗೊತ್ತೇ? ಕಂಪ್ಯೂಟರಿಗೇ ಚುಚ್ಚಿಕೊಂಡಿತ್ತು. ಅದಕ್ಕೂ ಬೀಗ ಬಿದ್ದಿತ್ತು.

ಹನ್ನೆರಡು ವರ್ಷದ ಮಗಳು ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಹುಡುಗ ಹೋದ ಮೇಲೆ ಕೇಳಿದಳು, "ಉಮ್ಮಾ, ನಮ್ಮ ವಿಂಡೋಸ್ ದುಡ್ಡು ಕೊಟ್ಟು ತಂದದ್ದಾ?" ನಾನು ಉತ್ತರ ಕೊಡಲಿಲ್ಲ. ಅನ್ನಕ್ಕೆ ಅಕ್ಕಿ ತೊಳೆಯಲು ಹೋದೆ.

ಗಿರಾಕಿಗಳ ಕೆಲಸವನ್ನು ಮತ್ತೆ ಮಾಡಿಕೊಟ್ಟೆ. ಉಮ್ಮನ 64 ಪುಟಗಳಲ್ಲಿ ಉಳಿದದ್ದು 19. ದಮ್ಮಾಮ್‌ನಲ್ಲಿರುವ ತಂಗಿ ಹಿಂದೊಮ್ಮೆ ಊರಿಗೆ ಬಂದಿದ್ದಾಗ ಓದಲಿಕ್ಕೆಂದು ಮೊದಲ 19 ಪುಟ ಪ್ರಿಂಟ್ ತೆಗೆದುಕೊಂಡು ಹೋಗಿದ್ದಳು, ಅಷ್ಟೇ.

ಅಂಗಡಿಯ ಹುಡುಗನನ್ನು ನಾನು ದೂರುವುದಿಲ್ಲ. ಊರಿನ ಹತ್ತರಲ್ಲಿ ಎಂಟು ಕಂಪ್ಯೂಟರಿಗೆ ಎಲ್ಲ ಅಂಗಡಿಯವರೂ ಹಾಗೆಯೇ ಮಾಡುತ್ತಿದ್ದರೆಂದು ನನಗೆ ಅನಿಸುತ್ತದೆ. ನಕಲು ವಿಂಡೋಸ್ ಹಾಕುವುದು, ಸಿಕ್ಕಿಬೀಳುವ ಹೆದರಿಕೆಗೆ ತೇಪೆಯ ದಾರಿಯನ್ನೇ ಮುಚ್ಚುವುದು. 2005ರಲ್ಲಿ ಕಂಪೆನಿ ಅಸಲಿ ನಕಲಿ ಪರೀಕ್ಷೆ ತಂದಾಗಲೂ, ತಾನಾಗಿಯೇ ಬರುವ ಮುಖ್ಯ ಭದ್ರತಾ ತೇಪೆಗಳನ್ನು ನಕಲಿಯವರಿಗೂ ತಡೆದಿರಲಿಲ್ಲ ಎಂದು ಆಮೇಲೆ ಓದಿದೆ. ಅಂದರೆ ಆ ಬಾಗಿಲನ್ನು ಮುಚ್ಚಿದ್ದು ನಾವೇ. ಚೀಟಿ ಅಂಟಿಸಿದ್ದು ನಾನೇ.

ಆ ವರ್ಷದ ಕೊನೆಗೆ ಬೇರೆ ಕಂಪ್ಯೂಟರ್ ತಂದೆ. ಬೆಂಗಳೂರಿನ ಯಾವುದೋ ಕಚೇರಿಯಿಂದ ಹೊರಬಿದ್ದ ಸೆಕೆಂಡ್‌ಹ್ಯಾಂಡ್, ಮೈಮೇಲೆ ಅಸಲಿ ಚೀಟಿ ಇದ್ದದ್ದು, ವಿಂಡೋಸ್ 10. ಈ ಸಲ ಬಿಲ್ಲಿನಲ್ಲಿ ಅದಕ್ಕೂ ಒಂದು ಸಾಲು ಇತ್ತು. ಅಪ್‌ಡೇಟ್ ಎಂದರೆ ನಾನು ಕೆಲಸ ನಿಲ್ಲಿಸಿ ಕಾಯುತ್ತಿದ್ದೆ. ಎಂಟು ವರ್ಷ ಒಂದು ತೊಂದರೆಯೂ ಬರಲಿಲ್ಲ. ಈಗಲಾದರೂ ಸರಿ ದಾರಿಗೆ ಬಂದೆವೆಂದುಕೊಂಡಿದ್ದೆ. ಅಷ್ಟರಲ್ಲಿ 2025 ಬಂತು.

ವಿಂಡೋಸ್ 10ಕ್ಕೆ ಉಚಿತ ತೇಪೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಹೋಗಿ ಎನ್ನುತ್ತಾರೆ, ಅದು ಉಚಿತವೇ. ಆದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಎಂಟನೆಯ ತಲೆಮಾರಿನದೋ ನಂತರದ್ದೋ ಪ್ರೊಸೆಸರ್ ಬೇಕು. ನನ್ನದು ನಾಲ್ಕನೆಯ ತಲೆಮಾರು. ಫ್ಯಾನ್ ಸದ್ದು ಮಾಡುವುದಿಲ್ಲ, ಒಂದು ದಿನ ಕೈಕೊಟ್ಟಿಲ್ಲ, ಆದರೂ ಅರ್ಹತೆ ಇಲ್ಲ. ಹೀಗೆ 24 ಕೋಟಿ ಕಂಪ್ಯೂಟರ್‌ಗಳು ಕಸದ ಪಾಲಾಗಬಹುದೆಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರ ಡಿಸೆಂಬರಿನಲ್ಲಿ ಅಂದಾಜು ಮಾಡಿತ್ತು.

ಮಗಳು ಈಗ ಬಿ.ಸಿ.ಎ. ಓದುತ್ತಿದ್ದಾಳೆ. ಅವಳು ಕುಳಿತು ವಿವರ ಓದಿ ಹೇಳಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಕ್ಟೋಬರ್ 14ರ ನಂತರವೂ ವಿಂಡೋಸ್ 10ಕ್ಕೆ ತೇಪೆ ತಯಾರಾಗುತ್ತದೆ. ಯಂತ್ರಗಳಲ್ಲಿ ಅಳವಡಿಸುವ ಒಂದು ವಿಶೇಷ ಬಗೆಗಂತೂ 2032ರ ಜನವರಿವರೆಗೆ. ಪ್ರಶ್ನೆ ಇರುವುದು ಯಾರಿಗೆ ಕೊಡುವುದೆಂಬುದರಲ್ಲಿ. ಮನೆಯವರಿಗೆ ಒಂದು ವರ್ಷಕ್ಕೆ 30 ಡಾಲರ್, ಅಂದರೆ ಆಗಿನ ದರದಲ್ಲಿ ಸುಮಾರು 2,600 ರೂಪಾಯಿ. ಹಣ ಕೊಡದಿದ್ದರೆ ಕಂಪೆನಿಯ ಖಾತೆ ತೆರೆದು ನಿಮ್ಮ ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಅವರ ಬಳಿ ಉಳಿಸಿಡಬೇಕು, ಆಗ ಉಚಿತ. ವ್ಯಾಪಾರ ಸಂಸ್ಥೆಗಳಿಗೆ ಮೊದಲ ವರ್ಷ ಒಂದೊಂದು ಕಂಪ್ಯೂಟರಿಗೆ 61 ಡಾಲರ್, ಎರಡನೆಯ ವರ್ಷ ಅದರ ಎರಡರಷ್ಟು, ಮೂರನೆಯ ವರ್ಷ ಮತ್ತೂ ಎರಡರಷ್ಟು. ಶಾಲೆಗಳಿಗೆ ಮೂರು ವರ್ಷಕ್ಕೆ 1, 2, 4 ಡಾಲರ್. ಯುರೋಪಿನ ಮನೆಗಳಿಗೋ, ಅಲ್ಲಿನ ಬಳಕೆದಾರರ ಸಂಘಟನೆಗಳು ಜಗಳವಾಡಿದ ಮೇಲೆ, ಖಾತೆಯೊಂದಿದ್ದರೆ ಸಾಕು, ಬೇರೆ ಷರತ್ತಿಲ್ಲದೆ ಉಚಿತ.

ತೂತು ಒಂದೇ, ತೇಪೆಯೂ ಒಂದೇ. ಬೆಲೆ ಮಾತ್ರ ನೀವು ಯಾರು, ಎಲ್ಲಿರುವವರು ಎಂಬುದರ ಮೇಲೆ.

ಕಂಪೆನಿಯ ಕಡೆಯಿಂದಲೂ ಯೋಚಿಸೋಣ. ತೇಪೆ ಹೊಲಿಯುವವರಿಗೆ ಸಂಬಳ ಕೊಡಬೇಕು. 2015ರಲ್ಲಿ ಬಂದದ್ದನ್ನು ಎಂದೆಂದಿಗೂ ನೋಡಿಕೊಳ್ಳಿ ಎನ್ನಲಾಗದು. ಹತ್ತು ವರ್ಷ ಎಂದು ಮೊದಲೇ ಹೇಳಿದ್ದರು, ಹೇಳಿದಂತೆ ಕೊಟ್ಟರು. ಇದಿಷ್ಟನ್ನೂ ಒಪ್ಪುತ್ತೇನೆ. ನನ್ನ ತಕರಾರು ಬೇರೆ. ಹೊಲಿದಾದ ತೇಪೆಯನ್ನು ಇನ್ನೊಬ್ಬರಿಗೆ ಕೊಡಲು ಬಟ್ಟೆ ಬೇಡ, ದಾರ ಬೇಡ. ಮತ್ತೆ, ಇದು ನನ್ನೊಬ್ಬಳ ಕಂಪ್ಯೂಟರಿನ ಮಾತೂ ಅಲ್ಲ. ವನ್ನಾಕ್ರೈ ಹರಡಿದ್ದು ಹೇಗೆ? ಯಾರೂ ಏನನ್ನೂ ಒತ್ತದೆ, ಒಂದು ಕಂಪ್ಯೂಟರಿನಿಂದ ಪಕ್ಕದ ಕಂಪ್ಯೂಟರಿಗೆ ತಾನಾಗಿಯೇ ದಾಟುತ್ತಾ ಹೋಯಿತು. ಪೋಲಿಯೋ ಹನಿಯನ್ನು ನಾವು ದುಡ್ಡಿದ್ದವರ ಮಕ್ಕಳಿಗೆ ಮಾತ್ರ ಹಾಕುತ್ತೇವೆಯೇ? ಹಾಕಿದ್ದರೆ ದುಡ್ಡಿದ್ದವರ ಮಕ್ಕಳೂ ಉಳಿಯುತ್ತಿರಲಿಲ್ಲ. 2017ರ ಆ ರಾತ್ರಿ ಎಕ್ಸ್‌ಪಿಯ ಬಾಗಿಲು ತೆರೆದದ್ದು ಇದೇ ಕಾರಣಕ್ಕೆಂದು ನಾನು ತಿಳಿದಿದ್ದೇನೆ.

ಹೊಸ ಕಂಪ್ಯೂಟರ್ ತಗೊಳ್ಳಿ, ಇಷ್ಟೆಲ್ಲ ಯಾಕೆ ಎಂದು ನೀವು ಕೇಳಬಹುದು. ನಮ್ಮವರೂ ಅದನ್ನೇ ಹೇಳಿದರು. ದುಡ್ಡಿನ ಮಾತು ಬಿಡಿ, ನನ್ನ ಕೆಲಸ ನಿಂತಿರುವುದು ಹಳೆಯದರ ಮೇಲೆ. ಕನ್ನಡದ ಸಣ್ಣ ಪ್ರೆಸ್ಸುಗಳ ಒಳಗೆ ಹೋಗಿ ನೋಡಿ, ಇಂದಿಗೂ ಪೇಜ್‌ಮೇಕರ್ ಕಾಣಸಿಗುತ್ತದೆ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ! ಅದಕ್ಕೆ ಈಗಿನ ಯುನಿಕೋಡ್ ಅಕ್ಷರ ಓದಲು ಬರುವುದಿಲ್ಲ. ಹಳೆಯ ನುಡಿಯಲ್ಲೋ ಶ್ರೀಲಿಪಿಯಲ್ಲೋ ಹೊಡೆದದ್ದು ಮಾತ್ರ ಬರುತ್ತದೆ. ನಾನು ಕೆಲಸ ಕಲಿತ ಪ್ರೆಸ್ಸಿನ ಮಾಲಕರು ಪ್ರೆಸ್ ಮುಚ್ಚುವಾಗ ಪೇಜ್‌ಮೇಕರ್‌ನ ಸಿ.ಡಿ.ಯನ್ನು ಪೆಟ್ಟಿಗೆ, ಪರವಾನಿಗೆ ಸಮೇತ ನನಗೆ ಮಾರಿದ್ದರು. ನಾಲ್ಕು ವರ್ಷಕ್ಕೊಮ್ಮೆ "ಅಂದಿನ ಕಾರ್ಡಿನಂತೆಯೇ ಚಿಕ್ಕವಳಿಗೂ ಮಾಡಿಕೊಡಿ" ಎಂದು ಬರುವವರಿದ್ದಾರೆ. ಆ ಕಾರ್ಡ್ ತೆರೆಯಬೇಕಾದರೆ ಹಳೆಯದೇ ಬೇಕು.

ಕೊನೆಗೆ ನಾವು ಮಾಡಿದ್ದು ಇಷ್ಟು. ಮಗಳು ನನ್ನ ಹೆಸರಿನಲ್ಲಿ ಖಾತೆ ತೆರೆದು, ಸೆಟ್ಟಿಂಗ್ ಉಳಿಸುವ ಷರತ್ತಿಗೆ ಒಪ್ಪಿ, ಒಂದು ವರ್ಷದ ತೇಪೆಗೆ ಹೆಸರು ನೋಂದಾಯಿಸಿದಳು. ಹತ್ತು ನಿಮಿಷದ ಕೆಲಸ. ಅದು 2026ರ ಅಕ್ಟೋಬರ್ 13ರವರೆಗೆ ಎಂದು ಆಗ ಪ್ರಕಟಿಸಿದ್ದರು. ತೇಪೆ ನಿಲ್ಲುವ ದಿನ ಇಂಟರ್ನೆಟ್ಟಿನ ವಯರ್ ಕಿತ್ತು ಕಪಾಟಿನಲ್ಲಿಡುವುದು, ಆಮೇಲೆ ಆ ಕಂಪ್ಯೂಟರ್ ಪೇಜ್‌ಮೇಕರಿಗೆ ಮಾತ್ರ ಎಂದು ನಿಶ್ಚಯ ಮಾಡಿದ್ದೇವೆ. ಮಗನ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿದಳು. ಅದಕ್ಕೆ ದುಡ್ಡಿಲ್ಲ, ಕದ್ದದ್ದೂ ಅಲ್ಲ, ತೇಪೆ ತಾನಾಗಿ ಬರುತ್ತದೆ. ನಮಗಿದು ಹೊಸತು, ಪಕ್ಕದ ಕೇರಳದಲ್ಲಿ ಸರಕಾರಿ ಶಾಲೆಯ ಮಕ್ಕಳು ಎಷ್ಟೋ ವರ್ಷಗಳಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಅಲ್ಲಿಯೂ ಗಡುವು ಇಲ್ಲವೆಂದಲ್ಲ. ಉಬುಂಟು ಎಂಬ ಲಿನಕ್ಸ್‌ನ ದೀರ್ಘಾವಧಿ ಆವೃತ್ತಿಗೆ ಸಾಮಾನ್ಯವಾಗಿ ಐದು ವರ್ಷ. ಮೇಲಿನದ್ದು ಸಂಸ್ಥೆಗಳಿಗೆ ಹಣಕ್ಕೆ, ಸ್ವಂತ ಬಳಕೆಗಾದರೆ ಐದು ಕಂಪ್ಯೂಟರಿನವರೆಗೆ ಉಚಿತ. ಆದರೆ ಗಡುವು ಮುಗಿದರೆ ಹಳೆಯ ಯಂತ್ರದಲ್ಲೇ ಹೊಸ ಆವೃತ್ತಿ ಹಾಕಲು ಹೆಚ್ಚಾಗಿ ಅಡ್ಡಿಯಿಲ್ಲ.

ನಿಮ್ಮ ಮೊಬೈಲ್ ವಿಷಯವನ್ನೂ ಹೇಳುತ್ತೇನೆಂದಿದ್ದೆ. ಸೆಟ್ಟಿಂಗ್‌ಗೆ ಹೋಗಿ ಕೊನೆಯ ಭದ್ರತಾ ಅಪ್‌ಡೇಟ್ ಯಾವ ತಿಂಗಳದ್ದೆಂದು ನೋಡಿ. ಎರಡು ಮೂರು ವರ್ಷ ಹಿಂದಿನದ್ದಾದರೆ ಅದರಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ. ಯುರೋಪಿನಲ್ಲಿ 2025ರ ಜೂನ್ 20ರಿಂದ ಒಂದು ನಿಯಮವಿದೆ, ಒಂದು ಮಾದರಿಯ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಸಿಗಬೇಕು. ನಾವು ಅಂಗಡಿಯಲ್ಲಿ ಕ್ಯಾಮರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುತ್ತೇವೆ. ಅಪ್‌ಡೇಟ್ ಎಷ್ಟು ವರ್ಷ ಎಂದೂ ಕೇಳಿ. ಕೇಳುವವರು ಹೆಚ್ಚಾದರೆ ಅಂಗಡಿಯವನೂ ತಿಳಿದುಕೊಳ್ಳುತ್ತಾನೆ.

ಆ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ನಾನೀಗ ಉಮ್ಮನ 19 ಪುಟಗಳನ್ನು ಯುನಿಕೋಡಿನಲ್ಲಿ ಮತ್ತೆ ಟೈಪ್ ಮಾಡುತ್ತಿದ್ದೇನೆ. ಗುರುವಾರ ರಾತ್ರಿ ಎರಡು ಪೆನ್‌ಡ್ರೈವಿಗೆ ನಕಲು ಮಾಡಿ ಒಂದನ್ನು ಕಪಾಟಿನಲ್ಲಿ, ಒಂದನ್ನು ತಮ್ಮನ ಮನೆಯಲ್ಲಿ ಇಡುತ್ತೇನೆ. ಹತ್ತೊಂಬತ್ತನೆಯ ಪುಟ ಒಂದು ವಾಕ್ಯದ ನಡುವೆ ನಿಲ್ಲುತ್ತದೆ. ಬೀಡಿ ಬ್ರಾಂಚಿಗೆ ಹೊರಟವರು ದಾರಿಯಲ್ಲಿ ಮಳೆಗೆ ಸಿಕ್ಕಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಮುಂದೆ, ನೆನೆದ ಕಟ್ಟುಗಳನ್ನು ಬ್ರಾಂಚಿನವನು ತಿರುಗಿಸಿ ಕಳುಹಿಸಿದ ಕತೆ ಎಂದು ತಂಗಿ ಹೇಳುತ್ತಾಳೆ. ಅಲ್ಲ, ಹಿಂದೂ ಮನೆಯೊಂದರ ಚಾವಡಿಯಲ್ಲಿ ನಿಂತು ಕಟ್ಟುಗಳನ್ನು ಒಲೆಯ ಮೇಲೆ ಒಣಗಿಸಿದ ಕತೆ ಎಂದು ನಾನು. ಎರಡೂ ಇದ್ದಿರಬಹುದು. ರಜೆಯಲ್ಲಿ ಅವಳು ಬರುತ್ತಾಳೆ, ಕೂತು ಮಾತಾಡಬೇಕು.